ಸ್ಮೂತ್ ಜಾಝ್: ಸ್ಯಾಕ್ಸೊಫೋನಿನ ಇಂಪು, ರಸಿಕರ ತಾತ್ಸಾರ

ಸ್ಮೂತ್ ಜಾಝ್: 1970ರ ದಶಕದ ಅಮೆರಿಕದಲ್ಲಿ ಜಾಝ್, ಸೋಲ್, ರಿದಮ್ ಅಂಡ್ ಬ್ಲೂಸ್ ಮತ್ತು ಪಾಪ್ ಸಂಗೀತಗಳು ಬೆರೆತು ಹುಟ್ಟಿ, ಮುಂದಿನ ಎರಡು ದಶಕಗಳಲ್ಲಿ ರೇಡಿಯೊದ ಬೆನ್ನೇರಿ ಮನೆಮಾತಾದ ವಾದ್ಯಸಂಗೀತ. ಗಿಟಾರ್, ಕೀಬೋರ್ಡ್, ಟ್ರಂಪೆಟ್ ವಾದಕರೂ ಇದರಲ್ಲಿ ಹೆಸರು ಮಾಡಿದ್ದುಂಟು. ಆದರೂ ಸ್ಮೂತ್ ಜಾಝ್ ಎಂದೊಡನೆ ನೆನಪಾಗುವುದು ಸ್ಯಾಕ್ಸೊಫೋನ್, ಅದರಲ್ಲೂ ಗುಂಗುರು ಕೂದಲಿನ ಕೆನ್ನಿ ಜಿ ಕೈಯಲ್ಲಿನ ನೆಟ್ಟಗಿನ ಸೊಪ್ರಾನೊ ಸ್ಯಾಕ್ಸೊಫೋನ್. ಅವರ ಧ್ವನಿಮುದ್ರಿಕೆಗಳು ಜಗತ್ತಿನಾದ್ಯಂತ ಸುಮಾರು 7.5 ಕೋಟಿ ಪ್ರತಿ ಮಾರಾಟವಾಗಿವೆ ಎಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ. ಬರೀ ವಾದ್ಯ ನುಡಿಸಿ ಇಷ್ಟು ಮಾರಿದವರು ವಿರಳ. ಅಷ್ಟೇ ವಿರಳವಾದ ಇನ್ನೊಂದು ಸಂಗತಿಯೆಂದರೆ, ಒಬ್ಬ ವಾದಕನ ಹೆಸರೇ ಒಂದು ಸಂಗೀತದ ರಸಿಕರ ಬಾಯಲ್ಲಿ ಬೈಗುಳವಾಗುವುದು. ಜಾಝ್ ಕೇಳುಗರ ನಡುವೆ ಎಳೆಯ ವಾದಕನೊಬ್ಬನಿಗೆ ‘ಕೆನ್ನಿ ಜಿ ತರಹ ನುಡಿಸ್ತೀಯ’ ಅಂದರೆ ಅವನು ಮುಖ ಚಿಕ್ಕದು ಮಾಡಿಕೊಳ್ಳುತ್ತಾನೆ. ಈ ತಾತ್ಸಾರಕ್ಕೂ ಒಂದು ಇತಿಹಾಸವಿದೆ, ಆ ಸಂಗೀತಕ್ಕಿರುವಷ್ಟೇ ಉದ್ದದ್ದು.

ಇದು ಹೊಟ್ಟೆಕಿಚ್ಚು ಅಷ್ಟೆ, ಚೆನ್ನಾಗಿ ಮಾರಾಟವಾದದ್ದನ್ನು ಕಂಡರೆ ಪಂಡಿತರಿಗೆ ಆಗುವುದಿಲ್ಲ ಎಂಬ ಮಾತು ಸುಲಭವಾಗಿ ನಾಲಿಗೆಗೆ ಬರುತ್ತದೆ. ಲೆಕ್ಕ ನೋಡಿದರೆ ಅದು ನಿಲ್ಲುವುದಿಲ್ಲ. ಮೈಲ್ಸ್ ಡೇವಿಸ್‌ರ 1959ರ ‘ಕೈಂಡ್ ಆಫ್ ಬ್ಲೂ’ ಅಮೆರಿಕವೊಂದರಲ್ಲೇ 50 ಲಕ್ಷ ಪ್ರತಿಗಳನ್ನು ಮುಟ್ಟಿದೆ. ಜಾಝ್ ಪ್ರೇಮಿಗಳು ಅದನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಾರೆ. ಅದೇ ವರ್ಷ ಡೇವ್ ಬ್ರೂಬೆಕ್ ತಂಡ ಹೊರತಂದ ‘ಟೇಕ್ ಫೈವ್’, ಆಲ್ಟೊ ಸ್ಯಾಕ್ಸೊಫೋನ್ ವಾದಕ ಪಾಲ್ ಡೆಸ್ಮಂಡ್‌ರ ರಚನೆ, ಐದು ಎಣಿಕೆಯ ಲಯದಲ್ಲಿದ್ದೂ ಪಾಪ್ ಹಾಡಿನ ಹಾಗೆ ಓಡಿತು. ಟೆನರ್ ಸ್ಯಾಕ್ಸೊಫೋನಿನ ಸ್ಟ್ಯಾನ್ ಗೆಟ್ಸ್ ಬ್ರೆಜಿಲ್‌ನ ಬೊಸ್ಸಾ ನೋವಾವನ್ನು ಮೆಲುದನಿಯಲ್ಲಿ ನುಡಿಸಿದ ‘ಗೆಟ್ಸ್/ಜಿಲ್ಬೆರ್ಟೊ’ಗೆ 1965ರಲ್ಲಿ ವರ್ಷದ ಆಲ್ಬಮ್ ಎಂಬ ಗ್ರ್ಯಾಮಿ ಬಂತು. ಡೆಸ್ಮಂಡ್ ಮತ್ತು ಗೆಟ್ಸ್ ಇಬ್ಬರದೂ ಮೃದುವಾದ, ಹಿತವಾದ ನಾದವೇ. ಅಂದಮೇಲೆ ಹೆಚ್ಚು ಮಾರಾಟವಾಗುವುದೂ ತಪ್ಪಲ್ಲ, ಇಂಪಾಗಿರುವುದೂ ತಪ್ಪಲ್ಲ. ಬೇರೆ ಏನೋ ಇದೆ.

ಜಾಝ್ ತನ್ನ ಕೇಳುಗನಿಗೆ ಕೊಡುವ ಮುಖ್ಯ ಸುಖ ಮನೋಧರ್ಮದ್ದು. ಸ್ವರಮಾಲೆಯೊಂದನ್ನು ಎದುರಿಗಿಟ್ಟುಕೊಂಡು ವಾದಕ ಆ ಕ್ಷಣದಲ್ಲಿ ಕಟ್ಟುತ್ತಾ ಹೋಗುತ್ತಾನೆ. ಡ್ರಮ್ಮು, ಬಾಸ್, ಪಿಯಾನೊದವರು ಅವನಿಗೆ ಬರೀ ಹಿನ್ನೆಲೆಯಲ್ಲ. ಅವರು ತಡೆಯುತ್ತಾರೆ, ಕೆಣಕುತ್ತಾರೆ, ಕೆಲವೊಮ್ಮೆ ಬೇರೆ ದಾರಿಗೆ ಎಳೆಯುತ್ತಾರೆ. ನಮ್ಮ ಕಛೇರಿಯಲ್ಲಿ ಮೃದಂಗದವರು ಅನಿರೀಕ್ಷಿತವಾಗಿ ಒಂದು ಮುಕ್ತಾಯ ಎಸೆದಾಗ ಗಾಯಕರು ತಿರುಗಿ ನೋಡಿ ನಗುತ್ತಾರಲ್ಲ, ಆ ನಗುವಿನ ಸಂಗೀತ ಅದು. ಸ್ಮೂತ್ ಜಾಝ್‌ನ ಒಂದು ಮಾದರಿ ಮುದ್ರಿಕೆಯಲ್ಲಿ ಆ ನಗುವಿಗೆ ಜಾಗವಿಲ್ಲ. ಲಯ ಡ್ರಮ್ ಯಂತ್ರದ್ದು, ಅಥವಾ ಯಂತ್ರದಷ್ಟೇ ಅಲುಗದ ಕೈಯದ್ದು. ನಡೆ ನಿಧಾನ ಅಥವಾ ಮಧ್ಯಮ. ಅದರ ಮೇಲೆ ಗಾಜಿನಂತೆ ಮಿನುಗುವ ಎಲೆಕ್ಟ್ರಿಕ್ ಪಿಯಾನೊದ ನಾಲ್ಕು ಸ್ವರಮೇಳಗಳು ಸುತ್ತುತ್ತಲೇ ಇರುತ್ತವೆ. ಇದೆಲ್ಲ ಮೊದಲೇ ಸಿದ್ಧವಾದ ಮೇಲೆ ಸ್ಯಾಕ್ಸೊಫೋನಿನವರು ಬಂದು ಮೇಲಿನ ಪದರ ಹಾಕುತ್ತಾರೆ. ಹಾಡಿನ ಧಾಟಿ ಒಂದು ಸಲ, ಅದೇ ಧಾಟಿಗೆ ಕೊಂಚ ಕುಸುರಿ ಇನ್ನೊಂದು ಸಲ, ನಡುವೆ ಐದು ಸ್ವರಗಳ ಶ್ರೇಣಿಯಲ್ಲಿ ಸರಸರನೆ ಹತ್ತಿಳಿಯುವ ಬಿರ್ಕಾಗಳು. ಐದೇ ಸ್ವರ ಆದದ್ದರಿಂದ ಯಾವುದೂ ಅಪಸ್ವರ ಎನಿಸುವುದಿಲ್ಲ. ಮೋಹನದಲ್ಲಿ ಹೊಸಬನೂ ಹೆಚ್ಚು ಕೆಡದೆ ಪಾರಾಗುವ ಹಾಗೆ. ಸ್ಟುಡಿಯೊದ ಪ್ರತಿಧ್ವನಿ ಉಸಿರಿನ ಗೊರಗೊರವನ್ನೂ ರೀಡಿನ ಕೀರಲನ್ನೂ ಒರೆಸಿಹಾಕುತ್ತದೆ. ಜಾಝ್ ದಿಗ್ಗಜ ಜಾನ್ ಕೋಲ್‌ಟ್ರೇನ್‌ನ ಸ್ಯಾಕ್ಸೊಫೋನಿನಲ್ಲಿ ಜಾಝ್ ರಸಿಕ ಹುಡುಕುವುದು ಆ ಗೊರಗೊರವನ್ನೇ.

ಹಾಗಂತ ಈ ಪ್ರಕಾರ ಕಸದಬುಟ್ಟಿಯಲ್ಲಿ ಹುಟ್ಟಿದ್ದೇನಲ್ಲ. ಇದರ ಬೇರು ಹುಡುಕುತ್ತಾ ಹೋದರೆ ನಿರ್ಮಾಪಕ ಕ್ರೀಡ್ ಟೇಲರ್ ಸಿಗುತ್ತಾರೆ. 1967ರಲ್ಲಿ ಅವರು ಗಿಟಾರಿನ ಮಹಾಪ್ರತಿಭೆ ವೆಸ್ ಮಾಂಟ್ಗೊಮರಿಯನ್ನು ಕೂರಿಸಿ, ಬೀಟಲ್ಸ್ ಹಾಡಿಗೆ ತಂತಿವಾದ್ಯಗಳ ಹಾಸು ಹಾಕಿ ‘ಎ ಡೇ ಇನ್ ದಿ ಲೈಫ್’ ಮಾಡಿದರು. ಅದು ಮಾರಾಟವಾಯಿತು, ವಿಮರ್ಶಕರು ಮೂಗು ಮುರಿದರು. ಮುಂದಿನ ಜಗಳಗಳೆಲ್ಲದರ ಮೂಲಪ್ರತಿ ಅದು. ಟೇಲರ್‌ರ ಸಂಸ್ಥೆ ಸಿಟಿಐಯ ಒಂದು ಶಾಖೆಯಲ್ಲಿ 1971ರಲ್ಲಿ ಹ್ಯಾಂಕ್ ಕ್ರಾಫರ್ಡ್ ಬರಲಾಗದ ಒಂದು ಮುದ್ರಣಕ್ಕೆ ಬದಲಿಯಾಗಿ ನಿಂತ ಗ್ರೋವರ್ ವಾಷಿಂಗ್ಟನ್ ಜೂನಿಯರ್‌ ಮುಂದೆ ಇಡೀ ಪ್ರಕಾರಕ್ಕೆ ತಂದೆ ಎನಿಸಿಕೊಂಡರು. 1975ರ ‘ಮಿಸ್ಟರ್ ಮ್ಯಾಜಿಕ್’, 1980ರ ‘ವೈನ್‌ಲೈಟ್’ ಇಂದಿಗೂ ಅಂಗಡಿ ಕಪಾಟಿನಲ್ಲಿವೆ. ‘ವೈನ್‌ಲೈಟ್’ ಅನ್ನು ಪಕ್ಕವಾದ್ಯಕ್ಕೆ ಕಿವಿಗೊಟ್ಟು ಕೇಳಬೇಕು. ಡ್ರಮ್ಮಿನಲ್ಲಿ ಸ್ಟೀವ್ ಗ್ಯಾಡ್, ಬಾಸ್ ಗಿಟಾರಿನಲ್ಲಿ ಇಪ್ಪತ್ತರ ಹರೆಯದ ಮಾರ್ಕಸ್ ಮಿಲ್ಲರ್, ಕೀಬೋರ್ಡಿನಲ್ಲಿ ರಿಚರ್ಡ್ ಟೀ: ಮನುಷ್ಯರು ಒಂದೇ ಲಯದಲ್ಲಿ ಒಬ್ಬರಿಗೊಬ್ಬರು ಕಿವಿಗೊಟ್ಟು ನುಡಿಸಿದ್ದಾರೆ. ಬಿಲ್ ವಿದರ್ಸ್ ಹಾಡಿದ ‘ಜಸ್ಟ್ ದಿ ಟೂ ಆಫ್ ಅಸ್’ 1981ರಲ್ಲಿ ಅಮೆರಿಕದ ಪಾಪ್ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೆ ಏರಿತು. ಗ್ರೋವರ್ ಬಗ್ಗೆ ಜಾಝ್ ಜಗತ್ತು ಎಂದೂ ಅಷ್ಟು ಕಟುವಾಗಿ ಮಾತಾಡಿದ್ದಿಲ್ಲ. 1999ರ ಡಿಸೆಂಬರಿನಲ್ಲಿ ಟಿವಿ ಕಾರ್ಯಕ್ರಮವೊಂದಕ್ಕೆ ನುಡಿಸಿ ಮುಗಿಸಿದ ಸ್ವಲ್ಪ ಹೊತ್ತಿಗೇ ಕುಸಿದು ತೀರಿಕೊಂಡಾಗ ಬಂದ ಶ್ರದ್ಧಾಂಜಲಿಗಳಲ್ಲಿ ಪ್ರೀತಿಯೇ ಹೆಚ್ಚಿತ್ತು. ಆಲ್ಟೊದ ಡೇವಿಡ್ ಸ್ಯಾನ್‌ಬಾರ್ನ್ ಕೂಡ ಹಾಗೆಯೇ. ಬಾಲ್ಯದಲ್ಲಿ ಪೋಲಿಯೊ ತಗುಲಿದ್ದ ಅವರ ನಾದದಲ್ಲಿ ಚೀರಿಕೊಳ್ಳುವ ಬ್ಲೂಸ್ ಇತ್ತು. ‘ಸ್ಮೂತ್’ ಎಂಬ ಹಣೆಪಟ್ಟಿ ತಮಗೆ ಹಚ್ಚಿದಾಗಲೆಲ್ಲ ಕಸಿವಿಸಿಗೊಳ್ಳುತ್ತಿದ್ದರು.

ಕೆನ್ನಿ ಜಿ, ಅಂದರೆ ಕೆನೆತ್ ಗೊರೆಲಿಕ್, ಹುಟ್ಟಿದ್ದು 1956ರಲ್ಲಿ, ಸಿಯಾಟಲ್‌ನಲ್ಲಿ. ಹದಿನೇಳರ ಹುಡುಗನಾಗಿದ್ದಾಗಲೇ ಬ್ಯಾರಿ ವೈಟ್‌ರ ಲವ್ ಅನ್‌ಲಿಮಿಟೆಡ್ ವಾದ್ಯವೃಂದದಲ್ಲಿ ನುಡಿಸಿದರು. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಲೆಕ್ಕಶಾಸ್ತ್ರ ಓದಿ ಉನ್ನತ ದರ್ಜೆಯಲ್ಲಿ ಪಾಸಾದರು. ಲೆಕ್ಕಪತ್ರ ಓದಿದವನು ಸಂಗೀತಕ್ಕೆ ಬಂದ ಎಂಬ ಈ ವಿವರವನ್ನು ಅವರ ನಿಂದಕರು ಬಿಟ್ಟುಕೊಡುವುದೇ ಇಲ್ಲ. ಜೆಫ್ ಲೋರ್ಬರ್‌ರ ಫ್ಯೂಷನ್ ತಂಡದಲ್ಲಿದ್ದಾಗ ಅರಿಸ್ಟಾ ಸಂಸ್ಥೆಯ ಕ್ಲೈವ್ ಡೇವಿಸ್ ಅವರನ್ನು ಪ್ರತ್ಯೇಕ ಕಲಾವಿದನನ್ನಾಗಿ ಹಿಡಿದರು. ಮೊದಲ ಮೂರು ಆಲ್ಬಮ್ಮುಗಳು ಸಾಧಾರಣ. 1986ರ ‘ಡ್ಯುಯೋಟೋನ್ಸ್’ನಲ್ಲಿ ‘ಸಾಂಗ್‌ಬರ್ಡ್’ ಎಂಬ ನಿಧಾನಗತಿಯ ತುಣುಕೊಂದಿತ್ತು, ಹಾಡುಗಾರಿಕೆ ಇಲ್ಲದ್ದು. ಸಂಸ್ಥೆಗೆ ಬೇಕಾಗಿದ್ದದ್ದು ಹಾಡು. ಜಾನಿ ಕಾರ್ಸನ್‌ರ ಟಿವಿ ಕಾರ್ಯಕ್ರಮಕ್ಕೆ ಕರೆ ಬಂದಾಗ ಒಪ್ಪಿಕೊಂಡಿದ್ದ ಹಾಡನ್ನು ಬಿಟ್ಟು ಅವರು ಕ್ಯಾಮೆರಾ ಮುಂದೆ ‘ಸಾಂಗ್‌ಬರ್ಡ್’ ನುಡಿಸಿಬಿಟ್ಟರು, ಕಾರ್ಯಕ್ರಮದವರು ಕೆಂಡವಾದರು. ತುಣುಕು 1987ರಲ್ಲಿ ಪಾಪ್ ಪಟ್ಟಿಯ ನಾಲ್ಕನೆಯ ಸ್ಥಾನ ಮುಟ್ಟಿತು. 1992ರ ‘ಬ್ರೆತ್‌ಲೆಸ್’ ಅಮೆರಿಕದಲ್ಲಿ 1.2 ಕೋಟಿ ಪ್ರತಿ ದಾಟಿತು. ಬೇರೆಯವರ ಮಾತು ಕೇಳದೆ ತನ್ನದೇ ನುಡಿಸಿದವನು ಎಂಬ ಈ ಕಥೆಯನ್ನು ಹೆಸರು ಮರೆಸಿ ಹೇಳಿದರೆ ಯಾವುದೋ ಜಾಝ್ ದಿಗ್ಗಜನದ್ದು ಅನ್ನಿಸೀತು.

ಆದರೆ ಕೆನ್ನಿ ಜಿ ಒಬ್ಬರೇ ಈ ಹಗೆಯನ್ನು ಕಟ್ಟಿಕೊಂಡದ್ದಲ್ಲ. ಅದರ ದೊಡ್ಡ ಪಾಲು ರೇಡಿಯೊದ್ದು. 1987ರ ಫೆಬ್ರವರಿ 14ರಂದು ಲಾಸ್ ಏಂಜಲೀಸ್‌ನ ರಾಕ್ ಕೇಂದ್ರ ಕೆಎಂಇಟಿ ಹೆಸರು ಬದಲಿಸಿಕೊಂಡು ‘ದಿ ವೇವ್’ ಆಯಿತು. ಆರಂಭದಲ್ಲಿ ನಿರೂಪಕರೇ ಇಲ್ಲದ ಕೇಂದ್ರ. ಹಾಡಿನ ಬೆನ್ನಿಗೆ ಹಾಡು. ಷಿಕಾಗೊ, ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೊಗಳಲ್ಲಿ ಇಂಥವು ತಲೆಯೆತ್ತಿದವು. ಏನು ಹಾಕಬೇಕೆಂದು ತೀರ್ಮಾನಿಸುತ್ತಿದ್ದದ್ದು ಸಂಶೋಧನೆ. ಬ್ರಾಡ್‌ಕಾಸ್ಟ್ ಆರ್ಕಿಟೆಕ್ಚರ್ ಎಂಬ ಸಲಹಾ ಸಂಸ್ಥೆ ಕೇಳುಗರನ್ನು ಒಂದು ಕೋಣೆಯಲ್ಲಿ ಕೂರಿಸಿ, ಕೈಗೆ ತಿರುಗುಗುಂಡಿ ಕೊಟ್ಟು, ಪ್ರತಿ ತುಣುಕಿನ ಕೆಲವೇ ಸೆಕೆಂಡುಗಳನ್ನು ಕೇಳಿಸುತ್ತಿತ್ತು. ಹಿಡಿಸಿದರೆ ಗುಂಡಿ ಮೇಲಕ್ಕೆ, ಹಿಡಿಸದಿದ್ದರೆ ಕೆಳಕ್ಕೆ. ‘ಸ್ಮೂತ್ ಜಾಝ್’ ಎಂಬ ಹೆಸರೂ ಇಂಥದ್ದೇ ಒಂದು ಕೂಟದಲ್ಲಿ ಕೇಳುಗರೊಬ್ಬರ ಬಾಯಿಂದ ಬಂದದ್ದು ಎಂಬ ಕಥೆ ಉದ್ಯಮದಲ್ಲಿ ಪ್ರಚಲಿತ. ಕೆಲವೇ ಸೆಕೆಂಡಿನಲ್ಲಿ ಗುಂಡಿಯನ್ನು ಕೆಳಕ್ಕೆ ಇಳಿಸುವುದು ಯಾವುದು? ಉದ್ದನೆಯ ಸೋಲೊ, ತಟ್ಟನೆ ಏರುವ ಡ್ರಮ್ಮು, ಒರಟು ನಾದ, ನಿರೀಕ್ಷೆಗೆ ಸಿಗದ ತಿರುವು. ಅಂದರೆ ಜಾಝ್‌ನ ಒಳಗೆ ಜಾಝ್ ಎನ್ನಿಸಿಕೊಂಡದ್ದೆಲ್ಲ. ಉಳಿದದ್ದು ಗುಂಡಿಯನ್ನು ಅಲುಗಿಸದೆ ಬಿಡುವ ನಾದ. ಆಫೀಸಿನಲ್ಲಿ ಕೆಲಸ ಮಾಡುತ್ತಾ, ಕಾರು ಓಡಿಸುತ್ತಾ, ದಂತವೈದ್ಯರ ಕುರ್ಚಿಯಲ್ಲಿ ಬಾಯ್ತೆರೆದು ಕೂತಾಗ ಕಿವಿಗೆ ಬೀಳುವಂಥದ್ದು.

ಕನ್ನಡದಲ್ಲಿ ಕೇಳುವುದು ಬೇರೆ, ಕಿವಿಗೆ ಬೀಳುವುದು ಬೇರೆ. ಜಾಝ್ ರಸಿಕನ ತಕರಾರಿನ ಮೂಲ ಈ ಎರಡು ಕ್ರಿಯಾಪದಗಳ ನಡುವೆ ಇದೆ ಎಂಬುದು ಈ ಲೇಖಕನ ಅಭಿಪ್ರಾಯ. ಕೇಳದೆಯೂ ಇರಬಹುದಾದ ಹಾಗೆ ತಯಾರಿಸಿದ ಸಂಗೀತಕ್ಕೆ, ಕೇಳಿಯೇ ತೀರಬೇಕಾದ ಸಂಗೀತದ ಹೆಸರು ಇಟ್ಟದ್ದು ಅವನಿಗೆ ತಡೆಯಲಾಗದ್ದು. ‘ಇಂಪಾದ ವಾದ್ಯಸಂಗೀತ’ ಎಂದು ಬರೆದು ಮಾರಿದ್ದರೆ ಅವನು ತನ್ನ ಪಾಡಿಗೆ ತಾನಿರುತ್ತಿದ್ದ. ಅಂಗಡಿಯ ಅದೇ ಖಾನೆಯಲ್ಲಿ, ಅದೇ ಪ್ರಶಸ್ತಿ ವಿಭಾಗದಲ್ಲಿ, ಅದೇ ‘ಜಾಝ್ ಉತ್ಸವ’ದ ವೇದಿಕೆಯಲ್ಲಿ ಅದು ಎದುರಾದಾಗ ಜಗಳ ಶುರುವಾಯಿತು. ಬಿಲ್‌ಬೋರ್ಡ್ ಪತ್ರಿಕೆ 1987ರಲ್ಲಿ ಸಮಕಾಲೀನ ಜಾಝ್‌ಗೆ ಬೇರೆ ಪಟ್ಟಿ ತೆರೆದು ಬೇಲಿ ಹಾಕಿತು. ಬೇಲಿಯ ಎರಡೂ ಬದಿಯಲ್ಲಿ ಗೊಣಗಾಟ ಮುಂದುವರಿಯಿತು. ಅದೇ ದಶಕದಲ್ಲಿ ಟ್ರಂಪೆಟ್ ವಾದಕ ವಿಂಟನ್ ಮಾರ್ಸಾಲಿಸ್ ಮುಂದಾಳಾಗಿ ಹಳೆಯ ಜಾಝ್‌ಗೆ ಶಾಸ್ತ್ರೀಯ ಗೌರವ ಬೇಡುವ ಚಳವಳಿ ಬಲವಾಗುತ್ತಿತ್ತು. ಒಂದು ಕಡೆ ಜಾಝ್ ಅಮೆರಿಕದ ಶಾಸ್ತ್ರೀಯ ಸಂಗೀತ ಎಂಬ ಗಂಭೀರ ವಾದ, ಇನ್ನೊಂದು ಕಡೆ ಎಲ್ಲರ ಕಾರಿನಲ್ಲಿ ‘ಸಾಂಗ್‌ಬರ್ಡ್’. ಒಂದೇ ಪದಕ್ಕೆ ಇಬ್ಬರು ವಾರಸುದಾರರು.

ಕೋಪ ಕಟ್ಟೆಯೊಡೆದದ್ದು 1999ರಲ್ಲಿ. ಕೆನ್ನಿ ಜಿ ತಮ್ಮ ‘ಕ್ಲಾಸಿಕ್ಸ್ ಇನ್ ದಿ ಕೀ ಆಫ್ ಜಿ’ ಆಲ್ಬಮ್ಮಿನಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್‌ರ 1967ರ ‘ವಾಟ್ ಎ ವಂಡರ್‌ಫುಲ್ ವರ್ಲ್ಡ್’ ಮುದ್ರಣವನ್ನೇ ತೆಗೆದುಕೊಂಡು ಅದರ ಮೇಲೆ ತಮ್ಮ ಸೊಪ್ರಾನೊವನ್ನು ಹೆಣೆದರು. ಆರ್ಮ್‌ಸ್ಟ್ರಾಂಗ್ ತೀರಿಕೊಂಡು ಆಗಲೇ 28 ವರ್ಷ. ಗಿಟಾರ್ ವಾದಕ ಪ್ಯಾಟ್ ಮೆಥೀನಿ, ಅಭಿಮಾನಿಗಳ ಪ್ರಶ್ನೆಗೆ ಉತ್ತರವಾಗಿ 2000ದಲ್ಲಿ ಬರೆದ ಬರಹ ಜಾಝ್ ಇತಿಹಾಸದ ಅತಿ ಪ್ರಸಿದ್ಧ ಬೈಗುಳಗಳಲ್ಲಿ ಒಂದು. ಅದರ ಸಿಟ್ಟು ಎಲ್ಲರಿಗೂ ನೆನಪಿದೆ, ಮೊದಲರ್ಧದ ವಿಶ್ಲೇಷಣೆ ಕಡಿಮೆ ಜನಕ್ಕೆ. ಬಳಸುವ ಸ್ವರಗುಚ್ಛಗಳು ಕೆಲವೇ, ಶ್ರುತಿ ಮೇಲಕ್ಕೆ ಸರಿಯುತ್ತದೆ, ಲಯ ಮುಂದೆ ನುಗ್ಗುತ್ತದೆ, ಜೊತೆಯವರು ಏನು ನುಡಿಸುತ್ತಿದ್ದಾರೆಂಬುದಕ್ಕೆ ಸ್ಪಂದನವಿಲ್ಲ. ಆದರೆ ಎಲ್ಲಿ ಉದ್ದ ಸ್ವರ ಹಿಡಿದರೆ ಸಭೆ ಚಪ್ಪಾಳೆ ತಟ್ಟುತ್ತದೆಂಬುದು ಚೆನ್ನಾಗಿ ಗೊತ್ತು ಎಂಬುದು ಮೆಥೀನಿಯವರ ತೀರ್ಪಿನ ಸಾರ. ಇಷ್ಟರ ಮಟ್ಟಿಗೆ ಅವರು ಸುಮ್ಮನಿದ್ದರಂತೆ. ಸತ್ತವರ ದನಿಯ ಮೇಲೆ ಕೈ ಹಾಕಿದ್ದು ಸಹಿಸಲಾಗಲಿಲ್ಲ. ಇಂಗ್ಲಿಷ್ ಗಾಯಕ ರಿಚರ್ಡ್ ಥಾಂಪ್ಸನ್ ಇದರ ಮೇಲೆ ಮೆಥೀನಿ ಪರವಾಗಿ ಒಂದು ತಮಾಷೆಯ ಹಾಡನ್ನೇ ಕಟ್ಟಿ ಹಾಡಿದರು. ಮೆಥೀನಿಯವರ ಕೆಲವು ಕೃತಿಗಳೂ ಅದೇ ಸ್ಮೂತ್ ಜಾಝ್ ಕೇಂದ್ರಗಳಲ್ಲಿ ಕೇಳಿಬರುತ್ತಿದ್ದವು ಎಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು.

ಇನ್ನೂ ಒಂದು ವ್ಯಂಗ್ಯವಿದೆ. ‘ವಾಟ್ ಎ ವಂಡರ್‌ಫುಲ್ ವರ್ಲ್ಡ್’ ಜಾಝ್ ಕೃತಿಯೇ ಅಲ್ಲ. ತಂತಿವಾದ್ಯಗಳ ಹಾಸಿನ ಮೇಲಿನ ಪಾಪ್ ಹಾಡು. ಅಮೆರಿಕದಲ್ಲಿ ಮೊದಲು ಅದು ಬಿದ್ದುಹೋಯಿತು, 1968ರಲ್ಲಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು, 1987ರ ಸಿನಿಮಾವೊಂದರಿಂದ ಮತ್ತೆ ಜೀವ ಪಡೆಯಿತು. ಆರ್ಮ್‌ಸ್ಟ್ರಾಂಗ್‌ಗೆ ಈ ಬಗೆಯ ಇಂಪಿನ ಬಗ್ಗೆ ಸಂಕೋಚವೂ ಇರಲಿಲ್ಲ. 1930ರ ದಶಕದಲ್ಲಿ ಅಮೆರಿಕದ ಬ್ಯಾಂಡುಗಳನ್ನು ‘ಹಾಟ್’ ಮತ್ತು ‘ಸ್ವೀಟ್’ ಎಂದು ಎರಡಾಗಿ ಒಡೆದು, ಸ್ವೀಟ್ ಬ್ಯಾಂಡುಗಳನ್ನು ಜಾಝ್ ಪ್ರೇಮಿಗಳು ಕಡೆಗಣಿಸುತ್ತಿದ್ದರು. ಅವುಗಳಲ್ಲಿ ಅತಿ ಹೆಚ್ಚು ನಗೆಪಾಟಲಾದದ್ದು ಗೈ ಲೊಂಬಾರ್ಡೊ ತಂಡ. ಅದರ ಸ್ಯಾಕ್ಸೊಫೋನುಗಳು ತುಳುಕುವ ಸಕ್ಕರೆ ಪಾಕ. ಆರ್ಮ್‌ಸ್ಟ್ರಾಂಗ್‌ಗೆ ಆ ತಂಡವೆಂದರೆ ಪ್ರಾಣ.

ಈ ಜಗಳ ಮತ್ತೆ ಮತ್ತೆ ಬಂದದ್ದೇ. 1940ರ ದಶಕದಲ್ಲಿ ಬೀಬಾಪ್ ಎಂಬ ಹೊಸ ಜಾಝ್ ಶೈಲಿ ಬಂದಾಗ ಹಳಬರು ಅದನ್ನು ಗದ್ದಲ ಎಂದರು, ಹೊಸಬರು ಹಳಬರನ್ನು ಬೂಸ್ಟು ಹಿಡಿದ ಅಂಜೂರ ಎಂದು ಹಂಗಿಸಿದರು. ಆ ಹೊಸಬರ ಮುಂದಾಳು ಚಾರ್ಲಿ ಪಾರ್ಕರ್‌ನೇ 1949ರಲ್ಲಿ ಪಿಟೀಲುಗಳ ಜೊತೆ ಮುದ್ರಿಸಿದಾಗ ‘ಮಾರಿಕೊಂಡ’ ಎಂಬ ಮಾತು ಬಂತು. ಅವನಿಗೋ ಆ ಮುದ್ರಿಕೆ ಅಚ್ಚುಮೆಚ್ಚು. 1970ರಲ್ಲಿ ‘ಬಿಚಸ್ ಬ್ರೂ’ ತಂದ ಮೈಲ್ಸ್‌ಗೂ ಅದೇ ಮಾತು. ಇವೆಲ್ಲಕ್ಕಿಂತ ಮೊದಲು, 1936ರಲ್ಲಿ ಜರ್ಮನ್ ಚಿಂತಕ ತಿಯೊಡೊರ್ ಅಡಾರ್ನೊ ಜಾಝ್ ಬಗ್ಗೆ ಬರೆದ ಪ್ರಬಂಧದಲ್ಲಿ, ಅದರ ಸ್ವಾತಂತ್ರ್ಯ ಬರೀ ತೋರಿಕೆಯದು, ಒಳಗಿರುವುದು ಅಚ್ಚಿನಲ್ಲಿ ಎರಕ ಹೊಯ್ದ ಸರಕು ಎಂದು ವಾದಿಸಿದ್ದರು. ಇಂದು ಜಾಝ್ ರಸಿಕ ಸ್ಮೂತ್ ಜಾಝ್ ಮೇಲೆ ಹೊರಿಸುವ ಆರೋಪವನ್ನು ಅಂದು ಜಾಝ್ ಮೇಲೆಯೇ ಹೊರಿಸಲಾಗಿತ್ತು.

ಜನಾಂಗದ ಪ್ರಶ್ನೆಯನ್ನು ಬದಿಗಿಟ್ಟರೆ ಚಿತ್ರ ಅಪೂರ್ಣ. ಕರಿಯರು ಕಟ್ಟಿದ ಸಂಗೀತದಲ್ಲಿ ಅತಿ ಹೆಚ್ಚು ಹಣ ಕಂಡವನು ಒಬ್ಬ ಬಿಳಿಯ ಎಂಬ ಕಹಿ 1920ರ ದಶಕದಲ್ಲಿ ‘ಜಾಝ್ ರಾಜ’ ಎನಿಸಿಕೊಂಡ ಪಾಲ್ ವೈಟ್‌ಮನ್‌ನಿಂದಲೇ ಇದೆ; ಕೆನ್ನಿ ಜಿ ಮೇಲಿನ ಸಿಟ್ಟಿಗೆ ಅದರ ಒಗ್ಗರಣೆಯೂ ಬಿದ್ದಿದೆ. ಆದರೆ ಸ್ಮೂತ್ ಜಾಝ್ ಬಿಳಿಯರ ಬೈಠಕ್‌ಖಾನೆಯ ಸಂಗೀತ ಎಂದುಬಿಡುವುದು ಅಜ್ಞಾನ. ಅದರ ಕೇಳುಗರಲ್ಲೂ ವಾದಕರಲ್ಲೂ ಆಫ್ರಿಕನ್ ಅಮೆರಿಕನ್ನರ ಪಾಲು ದೊಡ್ಡದು. 1976ರಲ್ಲಿ ವಾಷಿಂಗ್ಟನ್ ನಗರದ ಡಬ್ಲ್ಯುಎಚ್‌ಯುಆರ್ ಕೇಂದ್ರದಲ್ಲಿ ಮೆಲ್ವಿನ್ ಲಿಂಡ್ಸೆ ಶುರುಮಾಡಿದ ‘ಕ್ವೈಟ್ ಸ್ಟಾರ್ಮ್’ ಎಂಬ ರಾತ್ರಿ ಕಾರ್ಯಕ್ರಮ ಕಪ್ಪು ಮಧ್ಯಮವರ್ಗದ ಮನೆಗಳಿಗೆ ಇಂಥದ್ದೇ ನಾದವನ್ನು ಮೊದಲು ತಲುಪಿಸಿತ್ತು. ವಿಟ್ನಿ ಹ್ಯೂಸ್ಟನ್‌ರ ‘ಐ ವಿಲ್ ಆಲ್ವೇಸ್ ಲವ್ ಯು’ ಹಾಡಿನ ನಡುವೆ ಬರುವ ಸ್ಯಾಕ್ಸೊಫೋನ್ ಕರ್ಕ್ ವೇಲಮ್ ಅವರದು; ಮೆಂಫಿಸ್‌ನ ಪಾದ್ರಿಯ ಮಗ, ಚರ್ಚಿನಲ್ಲಿ ನುಡಿಸಿ ಬೆಳೆದವರು. ನುಣುಪಿನ ಕೆಳಗೆ ಪ್ರಾರ್ಥನೆಯ ಬಿಸಿ ಇರುವವರು ಈ ಪ್ರಕಾರದಲ್ಲಿ ಅವರೊಬ್ಬರೇ ಅಲ್ಲ.

ವಾದ್ಯದ ಪಾಡು ಬೇರೆ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ಈ ವಾದ್ಯ ಕುಟುಂಬದಲ್ಲಿ ಸೊಪ್ರಾನೊ ಹಟಮಾರಿ. ತುಟಿಯ ಒತ್ತಡ ಕೊಂಚ ಹೆಚ್ಚುಕಡಿಮೆಯಾದರೆ ಶ್ರುತಿ ಕೈಬಿಡುತ್ತದೆ. ಸಿಡ್ನಿ ಬೆಶೆ ಅದನ್ನು ಪಳಗಿಸಿದರು, ಕೋಲ್‌ಟ್ರೇನ್ 1960ರಲ್ಲಿ ಮುದ್ರಿಸಿದ ‘ಮೈ ಫೇವರಿಟ್ ಥಿಂಗ್ಸ್’ನಲ್ಲಿ ಅದಕ್ಕೆ ಹೊಸ ಆಯುಸ್ಸು ಕೊಟ್ಟರು. ಕೆನ್ನಿ ಜಿ ಬಂದ ಮೇಲೆ ಅದೇ ವಾದ್ಯ ಎತ್ತಿಕೊಳ್ಳುವ ಜಾಝ್ ವಾದಕ ಮೊದಲು ಒಂದು ನಗೆಚಾಟಿಕೆಯನ್ನು ಎದುರಿಸಬೇಕಾಯಿತು. ಮೂಗಿನಿಂದ ಉಸಿರೆಳೆಯುತ್ತಲೇ ಕೆನ್ನೆಯ ಗಾಳಿಯಿಂದ ಊದುವ, ನಮ್ಮ ಹಾವಾಡಿಗರ ಪುಂಗಿಯಲ್ಲಿ ಇರುವಂಥದ್ದೇ ತಂತ್ರದಿಂದ ಕೆನ್ನಿ ಜಿ 1997ರಲ್ಲಿ ನ್ಯೂಯಾರ್ಕಿನ ಅಂಗಡಿಯೊಂದರಲ್ಲಿ ಒಂದೇ ಸ್ವರವನ್ನು 45 ನಿಮಿಷ 47 ಸೆಕೆಂಡು ಹಿಡಿದು ಗಿನ್ನೆಸ್ ದಾಖಲೆ ಮಾಡಿದರು. ಅಭಿಮಾನಿಗಳಿಗೆ ಅದು ಸಾಧನೆ. ಜಾಝ್ ರಸಿಕರಿಗೆ ತಮ್ಮ ಆರೋಪಕ್ಕೆ ಸಿಕ್ಕ ಸಾಕ್ಷಿ: ಮುಕ್ಕಾಲು ಗಂಟೆ, ಒಂದೇ ಸ್ವರ.

ತಾತ್ಸಾರದ ಈ ಗೋಡೆ ವಾದಕರ ನಡುವೆ ಅಷ್ಟು ಗಟ್ಟಿಯಲ್ಲ ಎಂಬುದಕ್ಕೆ ಕನ್ನಡಿಗರಿಗೆ ಹತ್ತಿರದ ಉದಾಹರಣೆಯೊಂದಿದೆ. ಕರ್ನಾಟಕ ಮೂಲದ ಕುಟುಂಬದಲ್ಲಿ 1971ರಲ್ಲಿ ಹುಟ್ಟಿ ಅಮೆರಿಕದ ಕೊಲರಾಡೊದಲ್ಲಿ ಬೆಳೆದ ರುದ್ರೇಶ್ ಮಹಾಂತಪ್ಪ ಇಂದು ಜಾಝ್‌ನ ಅತ್ಯಂತ ಕಠಿಣ, ಚುರುಕು ಆಲ್ಟೊ ವಾದಕರಲ್ಲಿ ಒಬ್ಬರು. ಹುಡುಗನಾಗಿದ್ದಾಗ ಅವರನ್ನು ವಾದ್ಯಕ್ಕೆ ಅಂಟಿಸಿದವರಲ್ಲಿ ಗ್ರೋವರ್ ವಾಷಿಂಗ್ಟನ್ ಮತ್ತು ಸ್ಯಾನ್‌ಬಾರ್ನ್ ಇದ್ದಾರೆ. ಪಾರ್ಕರ್, ಕೋಲ್‌ಟ್ರೇನ್‌ರ ಕಡೆಗೆ ಅವರು ನಡೆದದ್ದು ಆ ದಾರಿಯಲ್ಲೇ. ಕಾಲೇಜಿನ ದಿನಗಳಲ್ಲಿ ಅಣ್ಣ ತಮಾಷೆಗೆಂದು ಕೊಟ್ಟ ‘ಸ್ಯಾಕ್ಸೊಫೋನ್ ಇಂಡಿಯನ್ ಸ್ಟೈಲ್’ ಎಂಬ ಧ್ವನಿಮುದ್ರಿಕೆಯಿಂದ ಅವರಿಗೆ, ಸ್ಯಾಕ್ಸೊಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸುತ್ತಿದ್ದ ಕದ್ರಿ ಗೋಪಾಲನಾಥರ ಪರಿಚಯವಾಯಿತು. 2008ರಲ್ಲಿ ಇಬ್ಬರೂ ಕೂಡಿ ‘ಕಿನ್ಸ್‌ಮೆನ್’ ತಂದರು. ದಕ್ಷಿಣ ಕನ್ನಡದಲ್ಲಿ ದೇವಸ್ಥಾನ, ಮದುವೆಮನೆಗಳ ಮಂಗಳವಾದ್ಯವಾಗಿಬಿಟ್ಟಿರುವ ಸ್ಯಾಕ್ಸೊಫೋನಿಗೆ ಸ್ಮೂತ್ ಅಥವಾ ಒರಟು ಎಂಬ ಈ ಜಗಳದ ಗೊಡವೆಯೇ ಇಲ್ಲ.

ಸ್ಮೂತ್ ಜಾಝ್ ರೇಡಿಯೊವನ್ನು ಕೊನೆಗೆ ಹೊಡೆದದ್ದು ವಿಮರ್ಶಕರಲ್ಲ, ಇನ್ನೊಂದು ಯಂತ್ರ. ಅಲ್ಲಿಯವರೆಗೆ ಅಮೆರಿಕದ ಕೇಳುಗರು ಯಾವ ಕೇಂದ್ರ ಕೇಳಿದೆವೆಂದು ಡೈರಿಯಲ್ಲಿ ಬರೆದುಕೊಡುತ್ತಿದ್ದರು. 2007ರ ಸುಮಾರಿಗೆ ಆರ್ಬಿಟ್ರಾನ್ ಸಂಸ್ಥೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಮೀಟರು ತಂದಿತು. ಸುತ್ತ ಮೊಳಗುವ ಕೇಂದ್ರವನ್ನು ಅದು ತಾನೇ ಗುರುತಿಸುತ್ತಿತ್ತು. ಡೈರಿಯಲ್ಲಿ ದೊಡ್ಡದಾಗಿದ್ದ ಸ್ಮೂತ್ ಜಾಝ್ ಮೀಟರಿನಲ್ಲಿ ಸೊರಗಿತು. ಕಾರಣದ ಬಗ್ಗೆ ಉದ್ಯಮದಲ್ಲಿ ಒಮ್ಮತವಿಲ್ಲದಿದ್ದರೂ ಪರಿಣಾಮ ಸ್ಪಷ್ಟ: ನ್ಯೂಯಾರ್ಕಿನ ಸಿಡಿ 101.9 ಕೇಂದ್ರ 2008ರಲ್ಲಿ ರಾಕ್ ಆಯಿತು, ಷಿಕಾಗೊದ ಡಬ್ಲ್ಯುಎನ್‌ಯುಎ 2009ರಲ್ಲಿ ಸ್ಪ್ಯಾನಿಷ್ ಕೇಂದ್ರವಾಯಿತು. ಪ್ರಕಾರ ವಿಹಾರನೌಕೆಗಳ ಉತ್ಸವಗಳಿಗೂ ಉಪಗ್ರಹ ವಾಹಿನಿಗಳಿಗೂ ಸರಿಯಿತು. ಕೆನ್ನಿ ಜಿ ಮಾತ್ರ ಉಳಿದರು, ಅದೂ ಹೊಸ ಮಂದಿಯ ಪ್ರೀತಿಯಲ್ಲಿ. 2019ರಲ್ಲಿ ಕಾನ್ಯೆ ವೆಸ್ಟ್ ಅವರನ್ನು ತಮ್ಮ ಆಲ್ಬಮ್ಮಿಗೆ ಕರೆಸಿಕೊಂಡರು. 2021ರ ‘ಲಿಸನಿಂಗ್ ಟು ಕೆನ್ನಿ ಜಿ’ ಸಾಕ್ಷ್ಯಚಿತ್ರದಲ್ಲಿ ನಿರ್ದೇಶಕಿ ಪೆನ್ನಿ ಲೇನ್ ವಿಮರ್ಶಕರನ್ನೂ ಅವರನ್ನೂ ಅಕ್ಕಪಕ್ಕ ಕೂರಿಸಿದಂತೆ ತೋರಿಸಿದ್ದಾರೆ. ಟೀಕೆಗೆ ಅವರು ನಗುತ್ತಾರೆ, ದಿನಕ್ಕೆ ಮೂರು ಗಂಟೆ ಸಾಧನೆ ಮಾಡುತ್ತೇನೆ ಎನ್ನುತ್ತಾರೆ.

ಚೀನಾದಲ್ಲಿ ಅವರ 1989ರ ‘ಗೋಯಿಂಗ್ ಹೋಮ್’ ಬೇರೆಯೇ ಕೆಲಸಕ್ಕೆ ನೇಮಕವಾಗಿದೆ. ಸಂಜೆ ಮಾಲ್‌ಗಳಲ್ಲಿ, ಶಾಲೆಗಳಲ್ಲಿ, ವ್ಯಾಯಾಮಶಾಲೆಗಳಲ್ಲಿ ಬಾಗಿಲು ಹಾಕುವ ಹೊತ್ತಿಗೆ ಧ್ವನಿವರ್ಧಕದಿಂದ ಆ ಸ್ಯಾಕ್ಸೊಫೋನ್ ಹೊರಡುತ್ತದೆ. ಯಾರೂ ಅದನ್ನು ನಿಂತು ಆಲಿಸುವುದಿಲ್ಲ. ಗಿರಾಕಿಗಳು ಚೀಲ ಎತ್ತಿಕೊಳ್ಳುತ್ತಾರೆ, ಅಂಗಡಿಯವರು ಷಟರು ಎಳೆಯುತ್ತಾರೆ, ತುಣುಕು ಮುಗಿಯುವಷ್ಟರಲ್ಲಿ ಕಟ್ಟಡ ಬರಿದಾಗುತ್ತದೆ.